ಗೆದ್ದ ಕದನ, ಬರಿದಾದ ಉಗ್ರಾಣ: ಕಾರ್ನ್‌ವಾಲಿಸ್‌ನ ಸೇನಾ ಬದುಕು

ಚಾರ್ಲ್ಸ್ ಕಾರ್ನ್‌ವಾಲಿಸ್ ಬಗ್ಗೆ ನಾಲ್ಕು ನಾಡುಗಳಲ್ಲಿ ನಾಲ್ಕು ಕಥೆಗಳಿವೆ. ಅಮೆರಿಕದ ಮಕ್ಕಳಿಗೆ ಆತ 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್‌ಗೆ ಶರಣಾದ ಇಂಗ್ಲಿಷ್ ಸೇನಾಪತಿ. ಬಂಗಾಳದವರಿಗೆ ಖಾಯಂ ಜಮೀನ್ದಾರಿ ಪದ್ಧತಿಯನ್ನು ಹೇರಿದ ಗವರ್ನರ್ ಜನರಲ್. ಐರ್ಲೆಂಡಿನವರಿಗೆ 1798ರ ದಂಗೆಯನ್ನು ಅಡಗಿಸಿ, ಆ ನಾಡಿನ ಪಾರ್ಲಿಮೆಂಟನ್ನೇ ಮುಚ್ಚಿಸಿದವನು. ನಮಗಂತೂ ಆತ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಕರೆದೊಯ್ದವನು. ಒಂದು ನಾಡಿನ ಇತಿಹಾಸ ಬರೆದವರು ಉಳಿದ ಮೂರನ್ನು ಸಾಮಾನ್ಯವಾಗಿ ಒಂದೊಂದು ಪ್ಯಾರಾದಲ್ಲಿ ಮುಗಿಸಿಬಿಡುತ್ತಾರೆ. ಹಾಗಾಗಿ ಯಾರ್ಕ್‌ಟೌನ್‌ನಲ್ಲಿ ಸೋತ ದಂಡನಾಯಕ ಹತ್ತೇ ವರ್ಷಗಳಲ್ಲಿ ಶ್ರೀರಂಗಪಟ್ಟಣದ ಕೋಟೆಯೆದುರು ಷರತ್ತು ಹೇಳುವ ಸ್ಥಿತಿಗೆ ಹೇಗೆ ಬಂದ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದಿಲ್ಲ.

ಆ ಉತ್ತರ ಸಿಗಬೇಕಾದರೆ 1781ರ ಕೆರೊಲಿನಾವನ್ನೂ 1791ರ ಮೈಸೂರನ್ನೂ ಜೊತೆಯಲ್ಲಿಟ್ಟು ಓದಬೇಕು. ಎರಡು ಕಡೆಯೂ ಆತ ಬಯಲಿನ ಕದನಗಳನ್ನು ಗೆದ್ದ. ಎರಡು ಕಡೆಯೂ ದಂಡಿಗೆ ಅನ್ನ ಒದಗಿಸಲಾರದೆ ಹಿಂದೆ ಸರಿದ. ಕೆರೊಲಿನಾದಲ್ಲಿ ತಪ್ಪನ್ನು ತಿದ್ದಿಕೊಳ್ಳಲು ಎದುರಾಳಿಗಳು ಸಮಯ ಕೊಡಲಿಲ್ಲ. ಮೈಸೂರಿನಲ್ಲಿ ಎಂಟು ತಿಂಗಳು ಸಿಕ್ಕವು. ಆ ಎಂಟು ತಿಂಗಳಲ್ಲೇ ಮೈಸೂರಿನ ಹಣೆಬರಹ ಬದಲಾಯಿತು.

ಹುಟ್ಟಿದ್ದು 1738ರ ಡಿಸೆಂಬರ್ 31ರಂದು, ಲಂಡನ್ನಿನ ಸಿರಿವಂತ ಮನೆತನದಲ್ಲಿ. ಈಟನ್ ಶಾಲೆಯಲ್ಲಿ ಆಟವಾಡುವಾಗ ಕಣ್ಣಿಗೆ ಬಿದ್ದ ಪೆಟ್ಟಿನ ಗುರುತು ಕೊನೆಯವರೆಗೂ ಉಳಿಯಿತು. ಆ ಕಾಲದ ಇಂಗ್ಲಿಷ್ ಸೈನ್ಯದಲ್ಲಿ ಅಧಿಕಾರಿಯ ಹುದ್ದೆಯನ್ನು ದುಡ್ಡು ಕೊಟ್ಟು ಕೊಳ್ಳುವುದೇ ವಾಡಿಕೆಯಾಗಿತ್ತು. ಕೊಂಡವರಲ್ಲಿ ಹೆಚ್ಚಿನವರು ಯುದ್ಧವಿದ್ಯೆಯನ್ನು ಓದಿ ಕಲಿಯುವ ಗೋಜಿಗೆ ಹೋಗುತ್ತಿರಲಿಲ್ಲ. ಕಾರ್ನ್‌ವಾಲಿಸ್ ಇಟಲಿಯ ಟ್ಯೂರಿನ್ ನಗರದ ಸೈನಿಕ ಶಾಲೆಗೆ ಸೇರಿ ಕಲಿತ. ಏಳು ವರ್ಷಗಳ ಯುದ್ಧದಲ್ಲಿ ಜರ್ಮನಿಯ ನೆಲದಲ್ಲಿ ಕಾದಾಡಿದ. 1762ರಲ್ಲಿ ತಂದೆ ತೀರಿಕೊಂಡಾಗ ಅರ್ಲ್ ಪದವಿಯೂ ಹೌಸ್ ಆಫ್ ಲಾರ್ಡ್ಸ್‌ನ ಸ್ಥಾನವೂ ಬಂದವು.

ಅಲ್ಲಿ ಆತ ನಡೆದುಕೊಂಡ ರೀತಿಯನ್ನು ಗಮನಿಸಬೇಕು. ಅಮೆರಿಕದ ವಸಾಹತುಗಳ ಮೇಲೆ ಯಾವ ಕಾನೂನನ್ನಾದರೂ ಹೇರುವ ಹಕ್ಕು ತನಗಿದೆ ಎಂದು ಬ್ರಿಟಿಷ್ ಪಾರ್ಲಿಮೆಂಟ್ 1766ರಲ್ಲಿ ಘೋಷಿಸಿಕೊಂಡಾಗ, ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಅದರ ವಿರುದ್ಧ ಮತ ಹಾಕಿದವರು ಐದೇ ಮಂದಿ. ಅವರಲ್ಲಿ ಕಾರ್ನ್‌ವಾಲಿಸ್ ಒಬ್ಬ. ವಸಾಹತಿನವರ ದೂರು ನ್ಯಾಯವಾದದ್ದೆಂದು ಒಪ್ಪಿದವನೇ ಹತ್ತು ವರ್ಷಗಳ ನಂತರ ಅವರ ಮೇಲೆ ದಂಡೆತ್ತಿ ಹೋದ. ದೊರೆಯ ಸೇವೆಯ ಕರೆ ಬಂದಾಗ ಸ್ವಂತ ಅಭಿಪ್ರಾಯವನ್ನು ಬದಿಗಿಡುವುದೇ ಧರ್ಮ ಎಂದು ನಂಬಿದ್ದ ಮನುಷ್ಯ ಆತ. ಈ ನಂಬಿಕೆ ಮುಂದೆ ಐರ್ಲೆಂಡಿನಲ್ಲೂ ಆತನನ್ನು ನಡೆಸಿತು, ಕಾಡಿತು.

ಅಮೆರಿಕದಲ್ಲಿ ಮೊದಲ ವರ್ಷ ಗೆಲುವಿನದು. 1776ರ ಆಗಸ್ಟ್‌ನಲ್ಲಿ ಲಾಂಗ್ ಐಲೆಂಡಿನ ಕಾಳಗ, ನಂತರ ನ್ಯೂ ಜರ್ಸಿಯ ಉದ್ದಕ್ಕೂ ವಾಷಿಂಗ್ಟನ್‌ನ ಬೆನ್ನಟ್ಟುವಿಕೆ. ರಜೆಯ ಮೇಲೆ ಊರಿಗೆ ಹಡಗು ಹತ್ತಲಿದ್ದಾಗ ಟ್ರೆಂಟನ್‌ನಲ್ಲಿ ಕೂಲಿ ಜರ್ಮನ್ ಪಡೆ ಸೆರೆಯಾದ ಸುದ್ದಿ ಬಂದು, ರಜೆ ಬಿಟ್ಟು ಓಡಿದ. 1777ರ ಜನವರಿ 2ರ ಸಂಜೆ ವಾಷಿಂಗ್ಟನ್‌ನ ಸೈನ್ಯ ಒಂದು ಹಳ್ಳದಾಚೆ ಎದುರಿಗೇ ಇತ್ತು. ಕತ್ತಲಾಯಿತೆಂದು ದಾಳಿಯನ್ನು ಬೆಳಗಿಗೆ ಮುಂದೂಡಿದ. ರಾತ್ರಿ ವಾಷಿಂಗ್ಟನ್ ಪಾಳಯದ ಬೆಂಕಿಗಳನ್ನು ಉರಿಯಲು ಬಿಟ್ಟು, ಬಳಸುದಾರಿ ಹಿಡಿದು ಹೋಗಿ ಮುಂಜಾನೆ ಪ್ರಿನ್ಸ್‌ಟನ್‌ನಲ್ಲಿ ಬೇರೊಂದು ಇಂಗ್ಲಿಷ್ ತುಕಡಿಯನ್ನು ಬಡಿದ. ಆ ಒಂದು ರಾತ್ರಿಯ ನಿರ್ಧಾರವನ್ನು ಸೇನಾ ಇತಿಹಾಸಕಾರರು ಇಂದಿಗೂ ಆತನ ಲೆಕ್ಕಕ್ಕೆ ಬರೆಯುತ್ತಾರೆ, ಮತ್ತು ಅದು ಸರಿ. ಅದೇ ವರ್ಷ ಬ್ರಾಂಡಿವೈನ್ ನದಿಯ ಬಳಿ ಶತ್ರುವಿನ ಪಕ್ಕೆಗೆ ಸುತ್ತಿಬಂದು ಹೊಡೆದ ಪಡೆಯನ್ನು ನಡೆಸಿದವನೂ ಆತನೇ.

1778ರ ಕೊನೆಗೆ ಹೆಂಡತಿ ಜೆಮೈಮಾಳ ಕಾಯಿಲೆಯ ಸುದ್ದಿ ಕೇಳಿ ಊರಿಗೆ ಮರಳಿದ. 1779ರ ಫೆಬ್ರವರಿಯಲ್ಲಿ ಆಕೆ ತೀರಿಕೊಂಡಳು. ಆತ ಮತ್ತೆ ಮದುವೆಯಾಗಲಿಲ್ಲ. ಇಬ್ಬರು ಮಕ್ಕಳನ್ನು ಊರಲ್ಲಿ ಬಿಟ್ಟು, ಯುದ್ಧಭೂಮಿಗೆ ತಾನಾಗಿಯೇ ಕೇಳಿಕೊಂಡು ಹೋದ. ಆಮೇಲಿನ ಎರಡು ವರ್ಷಗಳ ಆತನ ದುಡುಕಿನ ಹಿಂದೆ ಈ ದುಃಖ ಇತ್ತೆಂದು ಕೆಲವರು ಹೇಳುತ್ತಾರೆ. ಆದರೆ ಆ ದುಡುಕಿಗೆ ಕಾರಣ ರಣರಂಗದಲ್ಲೇ ಬೇಕಾದಷ್ಟು ಕಾಣುತ್ತದೆ.

1780ರ ಮೇ ತಿಂಗಳಲ್ಲಿ ಚಾರ್ಲ್ಸ್‌ಟನ್ ಬಂದರು ಇಂಗ್ಲಿಷರ ಕೈಗೆ ಬಿತ್ತು. ಮುಖ್ಯ ಸೇನಾಪತಿ ಹೆನ್ರಿ ಕ್ಲಿಂಟನ್ ನ್ಯೂಯಾರ್ಕಿಗೆ ಮರಳಿ, ದಕ್ಷಿಣವನ್ನು ಕಾರ್ನ್‌ವಾಲಿಸ್‌ಗೆ ಒಪ್ಪಿಸಿದ. ಆಗಸ್ಟ್ 16ರಂದು ಕ್ಯಾಮ್ಡನ್‌ನಲ್ಲಿ ಹೊರೇಷಿಯೊ ಗೇಟ್ಸ್‌ನ ಸೈನ್ಯವನ್ನು ಕಾರ್ನ್‌ವಾಲಿಸ್ ಒಂದೇ ಬೆಳಗಿನಲ್ಲಿ ಚೆದುರಿಸಿದ. ಅಲ್ಲಿಂದ ಮುಂದೆ ನಡೆದದ್ದೇ ಈ ಸೇನಾಪತಿಯ ಬದುಕಿನ ತಿರುಳು. ಇಂಗ್ಲೆಂಡಿನ ಪರ ಇರುವ ಜನ ಸಾವಿರಾರು ಸಂಖ್ಯೆಯಲ್ಲಿ ಎದ್ದು ಬರುತ್ತಾರೆ ಎಂಬ ಲಂಡನ್ನಿನ ಲೆಕ್ಕ ಸುಳ್ಳಾಯಿತು. ನಿಷ್ಠೆಯ ಪ್ರಮಾಣ ಮಾಡಿ ಮತ್ತೆ ಬಂಡುಕೋರರ ಕಡೆ ಸೇರಿದವರನ್ನು ಗಲ್ಲಿಗೆ ಹಾಕಲು ಆತ ಕೊಟ್ಟ ಆಜ್ಞೆ, ಹೆದರಿಸುವ ಬದಲು ಇನ್ನಷ್ಟು ಜನರನ್ನು ಕೆರಳಿಸಿತು. ಅಕ್ಟೋಬರ್ 7ರಂದು ಕಿಂಗ್ಸ್ ಮೌಂಟನ್ ಬೆಟ್ಟದಲ್ಲಿ ಆತನ ಎಡಪಕ್ಕದ ಪಡೆ ನಾಶವಾಯಿತು. 1781ರ ಜನವರಿ 17ರಂದು ಕೌಪೆನ್ಸ್‌ನಲ್ಲಿ ಡೇನಿಯಲ್ ಮಾರ್ಗನ್ ಎಂಬ ಗಡಿನಾಡಿನ ದಳಪತಿ, ಕಾರ್ನ್‌ವಾಲಿಸ್‌ನ ಕೈಕೆಳಗಿನ ಟಾರ್ಲ್‌ಟನ್‌ನ ಪಡೆಯನ್ನು ನುಂಗಿದ.

ಎಂಟು ದಿನಗಳ ನಂತರ, ಜನವರಿ 25ರಂದು, ರ್‍ಯಾಮ್‌ಸೋರ್ಸ್ ಮಿಲ್ ಎಂಬಲ್ಲಿ ಕಾರ್ನ್‌ವಾಲಿಸ್ ತನ್ನ ದಂಡಿನ ಗಾಡಿಗಳನ್ನೂ ಡೇರೆಗಳನ್ನೂ ಹೆಚ್ಚುವರಿ ದಿನಸಿಯನ್ನೂ ಸುಡಿಸಿದ. ರಮ್ ಪೀಪಾಯಿಗಳನ್ನು ಒಡೆಸಿದ. ಅಧಿಕಾರಿಗಳ ಸಾಮಾನಿನಲ್ಲಿ ಮೊದಲು ಬೆಂಕಿಗೆ ಹೋದದ್ದು ಆತನದೇ. ಹಗುರಾಗಿ ಓಡಿದರೆ ಶತ್ರುವನ್ನು ಹಿಡಿಯಬಹುದು ಎಂಬುದು ಲೆಕ್ಕ. ಎದುರಿಗಿದ್ದ ನಥಾನಿಯಲ್ ಗ್ರೀನ್ ಹಿಂದೆ ವಾಷಿಂಗ್ಟನ್‌ನ ಸೈನ್ಯಕ್ಕೆ ಸರಬರಾಜಿನ ಮುಖ್ಯಸ್ಥನಾಗಿದ್ದವನು. ಎಲ್ಲಿ ಯಾವ ನದಿ, ಯಾವ ಕಡವಿನಲ್ಲಿ ಎಷ್ಟು ದೋಣಿ ಎಂಬುದನ್ನು ಮೊದಲೇ ನೋಡಿಸಿಟ್ಟಿದ್ದ. ಫೆಬ್ರವರಿ 14ರಂದು ಗ್ರೀನ್ ಡ್ಯಾನ್ ನದಿ ದಾಟಿದ; ದೋಣಿಗಳೆಲ್ಲ ಆಚೆ ದಡಕ್ಕೆ ಹೋದವು. ಮಾರ್ಚ್ 15ರಂದು ಗಿಲ್‌ಫರ್ಡ್ ಕೋರ್ಟ್‌ಹೌಸ್‌ನಲ್ಲಿ ಕೊನೆಗೂ ಕದನ ಸಿಕ್ಕಿತು. ಸುಮಾರು 1,900 ಜನರನ್ನಿಟ್ಟುಕೊಂಡು ಎರಡು ಪಟ್ಟಿಗೂ ಮಿಕ್ಕ ಸೈನ್ಯವನ್ನು ಕಾರ್ನ್‌ವಾಲಿಸ್ ಮೈದಾನದಿಂದ ಓಡಿಸಿದ. ತನ್ನವರಲ್ಲಿ 500ಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಗಾಯಗೊಂಡರು. ಇಂಥ ಇನ್ನೊಂದು ಗೆಲುವು ಬಂದರೆ ಬ್ರಿಟಿಷ್ ಸೈನ್ಯವೇ ಉಳಿಯುವುದಿಲ್ಲ ಎಂದು ವಿರೋಧ ಪಕ್ಷದ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಪಾರ್ಲಿಮೆಂಟಿನಲ್ಲಿ ಹೇಳಿದ. ಗಾಯಾಳುಗಳಿಗೆ ಹೊದೆಯಲು ಬಟ್ಟೆ, ತಿನ್ನಲು ರೊಟ್ಟಿ ಇರಲಿಲ್ಲ; ಅವೆಲ್ಲ ಏಳು ವಾರಗಳ ಹಿಂದೆ ಬೂದಿಯಾಗಿದ್ದವು.

ಕರಾವಳಿಯ ವಿಲ್ಮಿಂಗ್ಟನ್ ತಲುಪಿದಾಗ ಆತನ ಹತ್ತಿರ ಸುಮಾರು 1,400 ಜನ ಉಳಿದಿದ್ದರು. ಅಲ್ಲಿಂದ ದಕ್ಷಿಣಕ್ಕೆ ಮರಳುವ ಬದಲು, ಕ್ಲಿಂಟನ್‌ನ ಒಪ್ಪಿಗೆಗೂ ಕಾಯದೆ, ಉತ್ತರಕ್ಕೆ ವರ್ಜೀನಿಯಾಗೆ ಹೊರಟ. ಬೇಸಿಗೆಯಲ್ಲಿ ಕ್ಲಿಂಟನ್‌ನಿಂದ ಒಂದಕ್ಕೊಂದು ಹೊಂದದ ಆಜ್ಞೆಗಳು ಬಂದವು. ದೊಡ್ಡ ಹಡಗು ನಿಲ್ಲುವಂಥ ಬಂದರನ್ನು ಭದ್ರಪಡಿಸು ಎಂಬುದು ಕೊನೆಯದು. ಆರಿಸಿಕೊಂಡದ್ದು ಯಾರ್ಕ್‌ಟೌನ್. ಸೆಪ್ಟೆಂಬರ್ 5ರಂದು ಫ್ರೆಂಚ್ ನೌಕಾಪಡೆ ಕೊಲ್ಲಿಯ ಬಾಯನ್ನು ಮುಚ್ಚಿದ ಮೇಲೆ ಸಮುದ್ರದ ದಾರಿ ಹೋಯಿತು. ವಾಷಿಂಗ್ಟನ್ ಮತ್ತು ಫ್ರೆಂಚ್ ಸೇನಾಪತಿ ರೋಷಾಂಬೊ ನೆಲದ ದಾರಿಯನ್ನು ಕಟ್ಟಿದರು. ಅಕ್ಟೋಬರ್ 19ರಂದು 7,000ಕ್ಕೂ ಹೆಚ್ಚು ಸೈನಿಕರು ಆಯುಧ ಕೆಳಗಿಟ್ಟರು. ಕಾರ್ನ್‌ವಾಲಿಸ್ ಮೈ ಸರಿಯಿಲ್ಲವೆಂದು ಹೇಳಿ ಬರಲಿಲ್ಲ. ಖಡ್ಗವನ್ನು ತನ್ನ ಕೈಕೆಳಗಿನ ಓ'ಹಾರಾನ ಕೈಯಲ್ಲಿ ಕಳಿಸಿದ.

ಯಾರ್ಕ್‌ಟೌನ್ ಬಗ್ಗೆ ಬರೆಯುವವರು ಬಹುಕಾಲ ಬಿಟ್ಟುಬಿಡುತ್ತಿದ್ದ ಸಂಗತಿಯೊಂದಿದೆ. ಇಂಗ್ಲಿಷ್ ಪಾಳಯ ಸೇರಿದರೆ ಬಿಡುಗಡೆ ಸಿಗುತ್ತದೆಂದು ನಂಬಿ ಸಾವಿರಾರು ಕಪ್ಪು ಗುಲಾಮರು ತೋಟಗಳಿಂದ ತಪ್ಪಿಸಿಕೊಂಡು ಆತನ ದಂಡಿನ ಹಿಂದೆ ಬಂದಿದ್ದರು. ಗುದ್ದಲಿ ಹಿಡಿದು ಯಾರ್ಕ್‌ಟೌನ್‌ನ ಕಂದಕ ತೋಡಿದವರು ಅವರೇ. ಸಿಡುಬು ಹಬ್ಬಿ, ದಿನಸಿ ತೀರುತ್ತಾ ಬಂದಾಗ ಅವರನ್ನು ಪಾಳಯದಿಂದ ಹೊರಗಟ್ಟಲಾಯಿತು. ಎರಡು ಸೈನ್ಯಗಳ ನಡುವಿನ ಕಾಡಿನಲ್ಲಿ ಅವರು ಸತ್ತರು. ಉಳಿದವರಲ್ಲಿ ಎಷ್ಟೋ ಮಂದಿ ಮತ್ತೆ ಒಡೆಯರ ಕೈಗೆ ಸಿಕ್ಕಿದರು. ತನ್ನ ಪರ ನಿಂತ ಬಿಳಿಯರನ್ನಾದರೂ ಒಂದು ಹಡಗಿನಲ್ಲಿ ತಪಾಸಣೆಯಿಲ್ಲದೆ ನ್ಯೂಯಾರ್ಕಿಗೆ ಕಳಿಸಲು ಆತ ಅನುಮತಿ ಪಡೆದ. ಈ ಜನರಿಗೆ ಅದೂ ಇರಲಿಲ್ಲ. ಕಾರ್ನ್‌ವಾಲಿಸ್‌ನ ದಯೆ, ಸಜ್ಜನಿಕೆಗಳ ಬಗ್ಗೆ ಬರೆದ ಪುಟಗಳನ್ನೆಲ್ಲ ಓದುವಾಗ ನಾನು ಇದನ್ನು ಮನಸ್ಸಿನಿಂದ ತೆಗೆಯಲಾರೆ.

ಸೋಲು ಯಾರದು? 1783ರಲ್ಲಿ ಕ್ಲಿಂಟನ್ ಮತ್ತು ಕಾರ್ನ್‌ವಾಲಿಸ್ ಕರಪತ್ರ ಅಚ್ಚು ಹಾಕಿಸಿ ಒಬ್ಬರನ್ನೊಬ್ಬರು ದೂರಿದರು. ಲಂಡನ್ ಕಾರ್ನ್‌ವಾಲಿಸ್‌ನನ್ನೇ ನಂಬಿತು. ಚಾರ್ಲ್ಸ್ ರಾಸ್ 1859ರಲ್ಲಿ ಹೊರತಂದ ಪತ್ರಸಂಪುಟಗಳು ಆ ಒಲವನ್ನು ಗಟ್ಟಿಮಾಡಿದವು. 1970 ಮತ್ತು 1980ರಲ್ಲಿ ವಿಕ್‌ವೈರ್ ದಂಪತಿ ಎರಡು ಸಂಪುಟಗಳಲ್ಲಿ ಬರೆದ ಜೀವನಚರಿತ್ರೆ ಇವತ್ತಿಗೂ ಆಧಾರಗ್ರಂಥ. ಅದೂ ನಾಯಕನ ಮೇಲಿನ ಪ್ರೀತಿಯಿಂದಲೇ ಬರೆದದ್ದು. 2013ರಲ್ಲಿ ಆಂಡ್ರೂ ಓ'ಶಾನೆಸಿ, ಅಮೆರಿಕವನ್ನು ಕಳೆದುಕೊಂಡವರು ದಡ್ಡರಲ್ಲ, ಗೆಲ್ಲಲಾಗದ ಯುದ್ಧಕ್ಕೆ ಕಳಿಸಲ್ಪಟ್ಟವರು ಎಂದು ವಾದಿಸಿದ. ಆ ವಾದದಲ್ಲಿ ಬಹಳಷ್ಟು ನಿಜವಿದೆ. ಆದರೂ ಗಾಡಿಗಳನ್ನು ಸುಡಿಸಿದ ನಿರ್ಧಾರ ಕ್ಲಿಂಟನ್‌ದೂ ಅಲ್ಲ, ಲಂಡನ್ನಿನದೂ ಅಲ್ಲ.

ಸೆರೆಯಿಂದ ಆತ ಬಿಡುಗಡೆಯಾದದ್ದು ಹೆನ್ರಿ ಲಾರೆನ್ಸ್ ಎಂಬ ಅಮೆರಿಕನ್ ಮುಖಂಡನ ಬದಲಿಗೆ. ಲಾರೆನ್ಸ್ ಬಂಧನದಲ್ಲಿದ್ದದ್ದು ಲಂಡನ್ ಟವರ್ ಕೋಟೆಯಲ್ಲಿ. ಆ ಕೋಟೆಯ ಅಧಿಪತಿಯ ಹುದ್ದೆ ಕಾರ್ನ್‌ವಾಲಿಸ್‌ನದೇ ಆಗಿತ್ತು. 1786ರಲ್ಲಿ ಆತನನ್ನು ಗವರ್ನರ್ ಜನರಲ್ ಮಾಡಿ ಕಲ್ಕತ್ತೆಗೆ ಕಳಿಸಿದರು. ಕ್ಲಿಂಟನ್‌ನ ಕೈಕೆಳಗೆ ಪಟ್ಟ ಪಾಡು ನೆನಪಿದ್ದುದರಿಂದ, ಸೇನಾಪತಿಯ ಅಧಿಕಾರವೂ ಮಂಡಳಿಯನ್ನು ಮೀರಿ ನಿರ್ಧರಿಸುವ ಹಕ್ಕೂ ತನ್ನೊಬ್ಬನ ಕೈಯಲ್ಲೇ ಇರಬೇಕೆಂದು ಹಟ ಹಿಡಿದು ಪಡೆದಿದ್ದ.

ಅಮೆರಿಕದ ಯುದ್ಧಕ್ಕೂ ಮೈಸೂರಿಗೂ ನಂಟು ಆಗಲೇ ಇತ್ತು. ಹೈದರಾಲಿ ಕರ್ನಾಟಿಕ್ ಪ್ರಾಂತದಲ್ಲಿ ಇಂಗ್ಲಿಷರ ಜೊತೆ ಕಾದುತ್ತಿದ್ದ ವರ್ಷಗಳೇ ಕ್ಯಾಮ್ಡನ್, ಯಾರ್ಕ್‌ಟೌನ್‌ಗಳ ವರ್ಷಗಳು. ಪೆನ್ಸಿಲ್ವೇನಿಯಾದವರು 1782ರಲ್ಲಿ ಒಂದು ಯುದ್ಧನೌಕೆಗೆ 'ಹೈದರ್ ಅಲಿ' ಎಂದೇ ಹೆಸರಿಟ್ಟಿದ್ದರು. 1791–92ರಲ್ಲಿ ಮೈಸೂರಿಗೆ ಬಂದವರೂ ಅದೇ ಯುದ್ಧದ ಹಳಬರು: ಬ್ರಾಂಡಿವೈನ್‌ನಲ್ಲಿ ಕಾದಿದ್ದ ವಿಲಿಯಂ ಮೆಡೋಸ್, ಯಾರ್ಕ್‌ಟೌನ್ ಮುತ್ತಿಗೆಯಲ್ಲಿ ಕೊನೆಯ ಹೊರದಾಳಿ ನಡೆಸಿದ ರಾಬರ್ಟ್ ಅಬರ್‌ಕ್ರಾಂಬಿ, ಬಂಕರ್ ಹಿಲ್‌ನಲ್ಲಿ ತಲೆಗೆ ಗುಂಡು ತಗುಲಿದ್ದ ಜಾರ್ಜ್ ಹ್ಯಾರಿಸ್. ಇದೇ ಹ್ಯಾರಿಸ್ 1799ರಲ್ಲಿ ಶ್ರೀರಂಗಪಟ್ಟಣವನ್ನು ಹಿಡಿದ ಸೈನ್ಯದ ನಾಯಕ.

1789ರ ಡಿಸೆಂಬರ್ ಕೊನೆಯಲ್ಲಿ ಟಿಪ್ಪು ತಿರುವಾಂಕೂರಿನ ಗಡಿಗೋಡೆಯ ಮೇಲೆ ನಡೆಸಿದ ದಾಳಿ ಯುದ್ಧಕ್ಕೆ ಕಾರಣವಾಯಿತು. ಮೆಡೋಸ್‌ನ 1790ರ ದಂಡಯಾತ್ರೆ ಟಿಪ್ಪುವಿನ ವೇಗದ ಎದುರು ಸೊರಗಿತು. ಆಗ ಕಾರ್ನ್‌ವಾಲಿಸ್ ತಾನೇ ಮದರಾಸಿಗೆ ಬಂದ. ಆಂಬೂರಿನ ಕಡೆಯಿಂದ ಬರುವಂತೆ ತೋರಿಸಿ, ಮುಗಳಿ ಕಣಿವೆಯಿಂದ ಘಟ್ಟ ಹತ್ತಿ, 1791ರ ಮಾರ್ಚ್ 5ರಂದು ಬೆಂಗಳೂರಿನ ಎದುರು ಪಾಳಯ ಬಿಟ್ಟ. ಮಾರ್ಚ್ 7ರಂದು ಪೇಟೆ ಬಿತ್ತು. 21ರ ರಾತ್ರಿ ಕೋಟೆಗೆ ಲಗ್ಗೆ. ಮುದಿ ಕಿಲ್ಲೇದಾರ ಬಹಾದ್ದೂರ್ ಖಾನ್ ಕತ್ತಿ ಹಿಡಿದೇ ಸತ್ತ. ಇಲ್ಲಿಯವರೆಗೆ ಎಲ್ಲವೂ ಕ್ಯಾಮ್ಡನ್‌ನಷ್ಟೇ ಸಲೀಸು.

ಆಮೇಲೆ ಕೆರೊಲಿನಾ ಮರುಕಳಿಸಿತು. ಮೇ 4ರಂದು ಬೆಂಗಳೂರು ಬಿಟ್ಟ ದಂಡಿಗೆ, ಚನ್ನಪಟ್ಟಣದ ದಾರಿಯಲ್ಲಿ ಟಿಪ್ಪು ಮೇವನ್ನೂ ಕಾಳನ್ನೂ ಸುಡಿಸಿದ್ದರಿಂದ, ಕನಕಪುರದ ಕಡೆಯ ಕಾಡುದಾರಿಯೇ ಗತಿಯಾಯಿತು. ಮುಂಗಾರು ಮೊದಲೇ ಹಿಡಿಯಿತು. ಎತ್ತುಗಳು ನಡೆದಲ್ಲೇ ಬಿದ್ದವು. ಕೋಟೆ ಒಡೆಯುವ ಭಾರದ ತೋಪುಗಳನ್ನು ಸಿಪಾಯಿಗಳೇ ಎಳೆಯಬೇಕಾಯಿತು. ಮೇ 15ರಂದು ಶ್ರೀರಂಗಪಟ್ಟಣದ ಹತ್ತಿರ ಟಿಪ್ಪುವನ್ನು ಎದುರಿಸಿ ಹಿಮ್ಮೆಟ್ಟಿಸಿದ. ಅದರಿಂದ ಏನೂ ಆಗಲಿಲ್ಲ. ನಡುವೆ ಕಾವೇರಿ, ಆಚೆ ಪಿರಿಯಾಪಟ್ಟಣದಲ್ಲಿ ಅಬರ್‌ಕ್ರಾಂಬಿ. ಒಬ್ಬರನ್ನೊಬ್ಬರು ಕೂಡಲಾಗದೆ, ತಿನ್ನಲು ಅಕ್ಕಿಯಿಲ್ಲದೆ, ಮೇ ಕೊನೆಯ ವಾರದಲ್ಲಿ ಕಾರ್ನ್‌ವಾಲಿಸ್ ತನ್ನ ಮುತ್ತಿಗೆಯ ತೋಪುಗಳನ್ನು ತಾನೇ ಒಡೆಸಿ ಬೆಂಗಳೂರಿಗೆ ತಿರುಗಿದ. ಹೊರಟ ಮೊದಲ ದಿನವೇ ದೂರದಲ್ಲಿ ಕುದುರೆ ದಂಡು ಕಂಡಿತು. ಶತ್ರುವೆಂದುಕೊಂಡದ್ದು ಮಿತ್ರಪಕ್ಷದ ಹರಿಪಂತ, ಪರಶುರಾಮ ಭಾವೆಯರ ಮರಾಠಾ ಸೈನ್ಯ. ಅವರ ಪಾಳಯದ ಬಜಾರಿನಲ್ಲಿ ಕಾಳು ಇತ್ತು. ಹಸಿದ ಇಂಗ್ಲಿಷ್ ಸೈನ್ಯ ಅವರು ಹೇಳಿದ ಬೆಲೆಗೆ ಕೊಂಡು ಉಂಡಿತು. ಅದೇ ಪರಶುರಾಮ ಭಾವೆಯ ಪಡೆಗೆ ಸೇರಿದ ಸವಾರರು ಆ ವರ್ಷ ಶೃಂಗೇರಿ ಮಠವನ್ನು ಲೂಟಿ ಮಾಡಿದ್ದು, ಟಿಪ್ಪು ಗುರುಗಳಿಗೆ ಕನ್ನಡದಲ್ಲಿ ಪತ್ರ ಬರೆದು ನೆರವು ಕಳಿಸಿದ್ದು, ಇದೇ ಯುದ್ಧದ ಇನ್ನೊಂದು ಮುಖ.

ಟಿಪ್ಪುವಿನ ವೇಗದ ಗುಟ್ಟು ದನದ ಹಟ್ಟಿಯಲ್ಲಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಹೈದರ್ ಬೆಳೆಸಿದ; ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು ತೋಪೆಳೆಯುವ ಎತ್ತುಗಳ ದೊಡ್ಡ ಇಲಾಖೆಯನ್ನಾಗಿ ಮಾಡಿದ. ಕಾರ್ನ್‌ವಾಲಿಸ್ ಹತ್ತಿರ ಇದ್ದದ್ದು ಗುತ್ತಿಗೆದಾರರು ಅಲ್ಲಿಂದ ಇಲ್ಲಿಂದ ಕೂಡಿಹಾಕಿದ ಎತ್ತುಗಳು. ಮೇ ತಿಂಗಳ ಹಿಮ್ಮೆಟ್ಟುವಿಕೆಯ ನಂತರ ಆತ ಕೈಗೊಂಡ ಕೆಲಸದಲ್ಲಿ ನಾನು ಆತನ ಸೇನಾ ಬುದ್ಧಿಯ ಅತ್ಯುತ್ತಮ ಗಳಿಗೆಯನ್ನು ಕಾಣುತ್ತೇನೆ. ಲಂಬಾಣಿ ನಾಯಕರ ಜೊತೆ ಮಾತಾಡಿ, ಸಾವಿರಾರು ಹೇರೆತ್ತುಗಳಲ್ಲಿ ಅವರು ತರುವ ಧಾನ್ಯಕ್ಕೆ ಒಳ್ಳೆಯ ಬೆಲೆ ಮತ್ತು ರಕ್ಷಣೆ ಕೊಟ್ಟ. ಚೀನಾ ವ್ಯಾಪಾರಕ್ಕೆಂದು ಹೊರಟಿದ್ದ ಬೆಳ್ಳಿಯನ್ನು ಮದರಾಸಿನಲ್ಲೇ ಇಳಿಸಿಕೊಂಡು ಮರಾಠರಿಗೆ ಸಾಲ ಕೊಟ್ಟು ಅವರನ್ನು ಹಿಡಿದಿಟ್ಟುಕೊಂಡ. ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರಿನಲ್ಲಿ ಸಾವನದುರ್ಗ, ಹುತ್ರಿದುರ್ಗಗಳನ್ನು ಹಿಡಿದು ಬೆಂಗಳೂರಿನಿಂದ ಶ್ರೀರಂಗಪಟ್ಟಣದವರೆಗಿನ ದಾರಿಯನ್ನು ಭದ್ರಗೊಳಿಸಿದ. ರ್‍ಯಾಮ್‌ಸೋರ್ಸ್ ಮಿಲ್‌ನಲ್ಲಿ ಗಾಡಿ ಸುಡಿಸಿದ್ದವನು ಈ ಸಲ ಒಂದೊಂದು ಗಾಡಿಯ ಲೆಕ್ಕ ನೋಡಿದ.

1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಮೇಲೆ ಮೂರು ಸಾಲುಗಳಲ್ಲಿ ದಾಳಿ ನಡೆಯಿತು. ಮೆಡೋಸ್ ಕತ್ತಲಲ್ಲಿ ದಾರಿ ತಪ್ಪಿ ಈದ್‌ಗಾಹ್ ಬುರುಜಿಗೆ ಮುಗಿಬಿದ್ದ. ಮಧ್ಯದ ಸಾಲಿನಲ್ಲಿದ್ದ ಕಾರ್ನ್‌ವಾಲಿಸ್‌ಗೆ ಕೈಗೆ ಗಾಯವಾಯಿತು. ಬೆಳಗಾಗುವಾಗ ಇಂಗ್ಲಿಷರು ದ್ವೀಪದ ಮೇಲಿದ್ದರು. ಗಂಜಾಂ ಬಳಿಯ ಲಾಲ್‌ಬಾಗಿನ ಮರಗಳನ್ನು ಕಡಿದು ಮುತ್ತಿಗೆಯ ಮರೆಗಳನ್ನು ಕಟ್ಟಿದರು. ತಿಂಗಳ ಕೊನೆಗೆ ಟಿಪ್ಪು ಷರತ್ತುಗಳನ್ನು ಒಪ್ಪಿದ: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಗೆ ಇಬ್ಬರು ಮಕ್ಕಳು. ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಆಗಿನ್ನೂ ಬಾಲಕರು. ಆನೆ ಅಂಬಾರಿಯಲ್ಲಿ ಬಂದ ಆ ಮಕ್ಕಳನ್ನು ಕಾರ್ನ್‌ವಾಲಿಸ್ ತಂದೆಯ ಅಕ್ಕರೆಯಿಂದ ಬರಮಾಡಿಕೊಂಡಂತೆ ಇಂಗ್ಲಿಷ್ ಚಿತ್ರಕಾರರು ಮತ್ತೆ ಮತ್ತೆ ಬರೆದರು. ಥಾಮಸ್ ಬ್ಯಾಂಕ್ಸ್ ಕಡೆದು, ಈಗ ಚೆನ್ನೈನ ಸೇಂಟ್ ಜಾರ್ಜ್ ಕೋಟೆಯ ಸಂಗ್ರಹಾಲಯದಲ್ಲಿರುವ ಪ್ರತಿಮೆಯ ಪೀಠದಲ್ಲೂ ಅದೇ ದೃಶ್ಯವಿದೆ. ಮಕ್ಕಳು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ. ಮಕ್ಕಳನ್ನು ಒತ್ತೆ ಇಟ್ಟುಕೊಂಡು ದುಡ್ಡು ವಸೂಲು ಮಾಡುವುದನ್ನು ಅಕ್ಕರೆಯ ಚಿತ್ರವಾಗಿ ನೋಡಲು ನನ್ನಿಂದಾಗದು.

ಕೋಟೆಯನ್ನೇ ಏಕೆ ಹಿಡಿಯಲಿಲ್ಲ ಎಂಬುದರ ಬಗ್ಗೆ ಆಗಲೇ ಜಗಳವಿತ್ತು. ತರುಣ ಅಧಿಕಾರಿ ಥಾಮಸ್ ಮನ್ರೊ ಈ ಸಂಧಿ ತೀರಾ ಮೃದುವಾಯಿತೆಂದು ಪತ್ರಗಳಲ್ಲಿ ಸಿಡುಕಿದ. ಮೈಸೂರನ್ನು ಪೂರ್ತಿ ಅಳಿಸಿದರೆ ಮಿತ್ರಪಕ್ಷದ ಮರಾಠರೂ ನಿಜಾಮನೂ ಹಂಚಿಕೆಗೆ ಕಿತ್ತಾಡುತ್ತಾರೆ, ಕಂಪನಿಗೆ ಖರ್ಚು ಬೆಳೆಯುತ್ತದೆ ಎಂಬ ಲೆಕ್ಕ ಕಾರ್ನ್‌ವಾಲಿಸ್‌ನದು. ಬ್ರಿಟಿಷ್ ಪಾರ್ಲಿಮೆಂಟಿನ 1784ರ ಕಾಯ್ದೆಯೂ ರಾಜ್ಯ ಗೆಲ್ಲುವ ಯುದ್ಧಗಳನ್ನು ಬೇಡವೆಂದಿತ್ತು. ಅದನ್ನು ಔದಾರ್ಯ ಎನ್ನುವವರಿದ್ದಾರೆ. ಅರ್ಧ ನೆಲವೂ ಬೊಕ್ಕಸವೂ ಹೋದ ಮೇಲೆ ಉಳಿದ ಮೈಸೂರು 1799ರವರೆಗೆ ನಿಂತದ್ದೇ ಹೆಚ್ಚು.

1793ರ ಖಾಯಂ ಜಮೀನ್ದಾರಿ ಪದ್ಧತಿ ಬಂಗಾಳದ ರೈತನನ್ನು ಜಮೀನ್ದಾರನ ಕೈಗೆ ಒಪ್ಪಿಸಿತು. ಅದರ ಹಿಂದಿನ ಯುರೋಪಿನ ವಿಚಾರಗಳನ್ನು ರಣಜಿತ್ ಗುಹಾ 1963ರ ತಮ್ಮ ಗ್ರಂಥದಲ್ಲಿ ಬಿಡಿಸಿ ತೋರಿಸಿದ್ದಾರೆ. ಅದೇ ಹೊತ್ತಿಗೆ ಟಿಪ್ಪುವಿನಿಂದ ಕಿತ್ತುಕೊಂಡ ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡ್ ಮತ್ತು ಮನ್ರೊ ನೇರವಾಗಿ ಉಳುವವನ ಹೆಸರಿಗೆ ಕಂದಾಯ ಬರೆಯಲು ತೊಡಗಿದ್ದರು. ಮನ್ರೊನ ಮೂಲಕ ಕೆನರಾಕ್ಕೂ ಬಳ್ಳಾರಿಗೂ ಬಂದ ರೈತವಾರಿ ಪದ್ಧತಿ ಬೇರುಬಿಟ್ಟದ್ದು ಈ ಬಾರಾಮಹಲಿನಲ್ಲೇ. ಕಾರ್ನ್‌ವಾಲಿಸ್ ಲಂಚಕ್ಕೆ ಕೈಯೊಡ್ಡದ ಮನುಷ್ಯ. ಮೈಸೂರು ಯುದ್ಧದ ಲೂಟಿಯಲ್ಲಿ ತನ್ನ ಪಾಲನ್ನೂ ಬಿಟ್ಟುಕೊಟ್ಟ. ಕಲೆಕ್ಟರುಗಳ ಸಂಬಳ ಏರಿಸಿ ಖಾಸಗಿ ವ್ಯಾಪಾರವನ್ನು ನಿಲ್ಲಿಸಿದ. ಆದರೆ ಆಡಳಿತದ ಎಲ್ಲ ಮೇಲಿನ ಹುದ್ದೆಗಳಿಂದ ಭಾರತೀಯರನ್ನು ಹೊರಗಿಟ್ಟವನೂ ಇದೇ ಪ್ರಾಮಾಣಿಕ. ಭ್ರಷ್ಟ ಇಂಗ್ಲಿಷರಿಗೆ ಸಂಬಳ ಹೆಚ್ಚಿಸುವುದು ಮದ್ದು, ಭಾರತೀಯರಿಗೆ ಬಾಗಿಲು ಮುಚ್ಚುವುದೇ ಮದ್ದು ಎಂದು ಆತ ನಂಬಿದ್ದ. ಆ ಬಾಗಿಲು ತೆರೆಯಲು ನಮ್ಮವರಿಗೆ ಹಲವು ದಶಕಗಳೇ ಹಿಡಿದವು.

1798ರ ದಂಗೆ ಅಡಗಿಸಲು ಹೋದ ಐರ್ಲೆಂಡಿನಲ್ಲಿ ಆತ ಕ್ರೂರ ಸೇಡನ್ನು ತಡೆಯಲು ಯತ್ನಿಸಿದ, ಆದರೂ ಎಷ್ಟೋ ಗಲ್ಲು ಶಿಕ್ಷೆಗಳಿಗೆ ಸಹಿ ಹಾಕಿದ. ಕ್ಯಾಥೊಲಿಕರಿಗೆ ಹಕ್ಕು ಕೊಡಲು ದೊರೆ ಒಪ್ಪದಿದ್ದಾಗ 1801ರಲ್ಲಿ ಹುದ್ದೆ ಬಿಟ್ಟ. 1802ರಲ್ಲಿ ಫ್ರಾನ್ಸಿನ ಜೊತೆಗಿನ ಅಮಿಯಾನ್ ಸಂಧಿಗೆ ಸಹಿ ಮಾಡಿದ. 1805ರ ಜುಲೈಯಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಯುದ್ಧಗಳನ್ನು ನಿಲ್ಲಿಸಲೆಂದು ಮತ್ತೆ ಕಲ್ಕತ್ತೆಗೆ ಬಂದವನು ಅಕ್ಟೋಬರ್ 5ರಂದು ಗಂಗಾತೀರದ ಘಾಜಿಪುರದಲ್ಲಿ ಸತ್ತ.

ಯುದ್ಧತಂತ್ರದಲ್ಲಿ ಆತ ತನ್ನ ಕಾಲದ ಒಳ್ಳೆಯ ಇಂಗ್ಲಿಷ್ ಸೇನಾಪತಿಗಳಲ್ಲಿ ಒಬ್ಬ. ಸಿಪಾಯಿಯ ಜೊತೆ ಮಳೆಯಲ್ಲಿ ನೆನೆದವನು. ಬಯಲಿನಲ್ಲಿ ಗೆದ್ದು ಉಗ್ರಾಣದಲ್ಲಿ ಸೋಲುವ ದೌರ್ಬಲ್ಯವನ್ನು ಆತ ಕಾವೇರಿಯ ದಡದಲ್ಲಿ ಕಂಡುಕೊಂಡ, ಅದನ್ನು ಸರಿಪಡಿಸಿಕೊಂಡದ್ದರ ಬೆಲೆಯನ್ನು ಮೈಸೂರು ತೆತ್ತಿತು. ನಮ್ಮ ಪಠ್ಯಗಳು 1792ರ ಒಪ್ಪಂದದ ಷರತ್ತುಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತವೆ. 1791ರ ಮೇ ತಿಂಗಳು ಅಲ್ಲಿ ಕಾಣಿಸುವುದೇ ಅಪರೂಪ. ಎತ್ತು, ಮೇವು, ಲಂಬಾಣಿ ಹೇರು, ಒಡೆದ ತೋಪುಗಳ ಆ ತಿಂಗಳನ್ನೂ ಇತಿಹಾಸದ ಮೇಷ್ಟರುಗಳು ತರಗತಿಯಲ್ಲಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.